ಅಕ್ಕನ ಕತ್ತು, ಅಜ್ಜಿಯ ಅಡ್ಡಿಕೆ

ಅಕ್ಕನ ಕತ್ತಿನಲ್ಲಿ ಗಡ್ಡೆ ಇದ್ದಷ್ಟು ಕಾಲ ಅಜ್ಜಿಯ ಅಡ್ಡಿಕೆ ನನ್ನದಾಗಿತ್ತು. ಇದನ್ನು ಹೀಗೆ ನೇರವಾಗಿ ಬರೆದರೆ ಓದುವವರು ನನ್ನನ್ನು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ. ಏನಾದರೂ ಅಂದುಕೊಳ್ಳಲಿ. ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದಲೇ ಬಂದದ್ದು. ಅದನ್ನು ಬಚ್ಚಿಟ್ಟುಕೊಂಡು ಓಡಾಡುವ ಜಾಣತನ ಮಾತ್ರ ಬರಲಿಲ್ಲ.

ಅಡ್ಡಿಕೆ ಎಂದರೆ ಈಗಿನ ಹುಡುಗಿಯರಿಗೆ ತಿಳಿಯಲಿಕ್ಕಿಲ್ಲ. ಎದೆಯ ಮೇಲೆ ಇಳಿಯುವ ಸರವಲ್ಲ ಅದು. ಕತ್ತಿಗೆ ಅಂಟಿಕೊಂಡು ಕೂರುವ, ಕೆಂಪು ಕಲ್ಲು ಕೂರಿಸಿದ ಚಿನ್ನದ ಒಡವೆ. ಹಿಂದೆ ದಾರದಿಂದ ಬಿಗಿದು ಕಟ್ಟಬೇಕು. ಅದನ್ನು ಕಟ್ಟಿಕೊಂಡವರು ತಲೆ ತಗ್ಗಿಸಿ ನಡೆಯಲು ಆಗುವುದಿಲ್ಲ, ಕತ್ತು ತಾನಾಗಿಯೇ ನೆಟ್ಟಗಾಗುತ್ತದೆ. ನಮ್ಮ ತಾಯಿಯ ತಾಯಿ ತನ್ನ ಮದುವೆಯಲ್ಲಿ ಕಟ್ಟಿಕೊಂಡದ್ದನ್ನು ಸೀರೆಯ ಚೂರಿನಲ್ಲಿ ಸುತ್ತಿ ಜೋಪಾನ ಮಾಡಿ, ಕೊನೆಗಾಲಕ್ಕೆ ನಮ್ಮ ಮನೆಗೆ ಬಂದಾಗ ಜೊತೆಯಲ್ಲಿ ತಂದಿದ್ದಳು.

ಒಂದು ಹಬ್ಬದ ದಿನ ಅಜ್ಜಿ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಅಡ್ಡಿಕೆಯನ್ನು ಒಬ್ಬೊಬ್ಬರಿಗೆ ಕಟ್ಟಿ ನೋಡಿದಳು. ಮೊದಲು ಅಕ್ಕನಿಗೆ. ಯಾವುದೇ ಆಗಲಿ ಮೊದಲು ಅಕ್ಕನಿಗೇ. ಹೊಸ ಲಂಗ ಅವಳಿಗೆ, ಹಳೆಯದಾದ ಮೇಲೆ ನನಗೆ. ಬೆಂಡೋಲೆ ಅವಳಿಗೆ, ಕಿವಿಗೆ ಚುಚ್ಚಿಕೊಳ್ಳಲು ಬೇವಿನ ಕಡ್ಡಿ ನನಗೆ. ಅವಳು ಬೆಳ್ಳಗಿದ್ದಳು, ಮೆತ್ತಗೆ ಮಾತಾಡುತ್ತಿದ್ದಳು, ಬಂದವರೆಲ್ಲ ಅವಳನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಿದ್ದರು. ನನ್ನನ್ನು ನೀರು ತರಲು ಕಳಿಸುತ್ತಿದ್ದರು. ಆದರೆ ಆ ದಿನ ಅಡ್ಡಿಕೆ ಅಕ್ಕನ ಕತ್ತಿನಲ್ಲಿ ಕೂರಲಿಲ್ಲ. ಅವಳ ಗಂಟಲ ಬಲಗಡೆಗೆ ಒಂದು ಊತ ಆಗಷ್ಟೇ ಕಾಣಿಸಿಕೊಂಡಿತ್ತು. ಒಡವೆ ಅದರ ಮೇಲೆ ಏರಿ ಓರೆಯಾಯಿತು. ಅಜ್ಜಿ ಎರಡು ಸಲ ಬಿಚ್ಚಿ ಕಟ್ಟಿದಳು. ಆಮೇಲೆ ನನಗೆ ಕಟ್ಟಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ದೊಡ್ಡವಳ ಕತ್ತಲ್ಲಿ ಕೂರಾಕಿಲ್ಲ ಬುಡು. ಇದು ಚಿಕ್ಕವಳಿಗೇ ಇರ್ಲಿ" ಅಂದಳು ಅಜ್ಜಿ, ನಮ್ಮವ್ವನ ಕಡೆ ತಿರುಗಿ.

ಆ ಮಾತನ್ನು ಹೇಳಿ ಅಜ್ಜಿ ಬಹಳ ದಿನ ಬದುಕಲಿಲ್ಲ. ಅವ್ವ ಅಡ್ಡಿಕೆಯನ್ನು ಸೀರೆಯ ಚೂರಿನ ಸಮೇತ ಒಂದು ತಗಡಿನ ಡಬ್ಬಿಯಲ್ಲಿಟ್ಟು ಅಟ್ಟದ ಮೇಲೆ, ತೆಂಗಿನಕಾಯಿ ರಾಶಿಯ ಹಿಂದೆ ಸೇರಿಸಿದಳು. ನಮ್ಮ ಕಡೆ ಮನೆಗಳಲ್ಲಿ ಅಟ್ಟ ಎಂದರೆ ಕಾಯಿಯದ್ದು. ಇಳಿಸಿದ ಕಾಯಿ ಸಿಪ್ಪೆಯೊಂದಿಗೇ ಅಲ್ಲಿ ಬಿದ್ದುಕೊಂಡು ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಕಳ್ಳನಾದರೂ ಅಷ್ಟು ಕಾಯಿ ಸರಿಸಿ ಹುಡುಕುವ ಗೋಜಿಗೆ ಹೋಗುವುದಿಲ್ಲ ಎಂಬುದು ಅವ್ವನ ಲೆಕ್ಕ. ಇಲಿ ನೋಡಿಕೊಂಡು ಬರುತ್ತೇನೆ ಎಂದು ನಾನೇ ಏಣಿ ಹತ್ತುತ್ತಿದ್ದೆ. ಡಬ್ಬಿ ತೆಗೆದು ಅಡ್ಡಿಕೆ ಕಟ್ಟಿಕೊಂಡು ಕಾಯಿಗಳ ನಡುವೆ ಕೂರುತ್ತಿದ್ದೆ. ಅಲ್ಲಿ ಕನ್ನಡಿ ಇರಲಿಲ್ಲ. ಬೆರಳಿನಲ್ಲಿ ತಡವಿ ನೋಡಿಕೊಂಡೇ ಸುಖಪಡುತ್ತಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಅವ್ವ ಅಕ್ಕನನ್ನು "ನನ್ನವ್ವ, ನನ್ ಚಿನ್ನ" ಎಂದು ಕರೆಯುವುದು ಕೇಳಿಸುತ್ತಿತ್ತು. ಕರೆದುಕೊಳ್ಳಲಿ, ನಿಜವಾದ ಚಿನ್ನ ನನ್ನ ಕತ್ತಿನಲ್ಲಿತ್ತು.

ಗಡ್ಡೆ ಬೆಳೆಯಿತು. ಯಾರೋ ಹೇಳಿದ ಸೊಪ್ಪು ಅರೆದು ಹಚ್ಚಿದರು, ಯಾರೋ ಕೊಟ್ಟ ಕಪ್ಪು ದಾರ ಕಟ್ಟಿದರು. ಅಕ್ಕ ಎಂಜಲು ನುಂಗಿದರೆ ಗಡ್ಡೆಯೂ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅವ್ವ ಅವಳಿಗೆ ದಾವಣಿಯ ಸೆರಗನ್ನು ಕತ್ತಿನ ಸುತ್ತ ಸುತ್ತಿಕೊಳ್ಳಲು ಹೇಳಿಕೊಟ್ಟಳು. ಊರಿನವರು ಹುಡುಗಿಗೆ ನಾಚಿಕೆ ಹೆಚ್ಚು ಎಂದುಕೊಂಡರು. ಅದೂ ಅವಳಿಗೆ ಒಂದು ಹೆಸರಾಯಿತು. ತುರುವೇಕೆರೆ ಕಡೆಯಿಂದ ಒಂದು ಗಂಡಿನವರು ಬಂದು ಉಪ್ಪಿಟ್ಟು ತಿಂದು, ಅಕ್ಕ ಬಗ್ಗಿ ನಮಸ್ಕಾರ ಮಾಡುವಾಗ ಸೆರಗು ಜಾರಿದ್ದನ್ನು ಕಂಡು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ಏನನ್ನೂ ತಿಳಿಸಲಿಲ್ಲ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕ ಯಾರಿಗೂ ಕಾಣದ ಹಾಗೆ ಹಿತ್ತಿಲಿನಲ್ಲಿ ಕೂತು ಅತ್ತಳು. ನನಗೆ ಕಾಣಿಸಿತು. ಪಾಪ ಅನ್ನಿಸಿತು. ಆದರೂ ಏಣಿ ಹತ್ತಿದಾಗ ಡಬ್ಬಿ ಅಲ್ಲೇ ಇದ್ದದ್ದಕ್ಕೆ ಸಮಾಧಾನವಾಯಿತು.

ಕೊನೆಗೆ ಅನ್ನ ನುಂಗುವುದೂ ಕಷ್ಟವಾದಾಗ ಅಪ್ಪ ಅಕ್ಕನನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಮುಟ್ಟಿ ನೋಡಿ, ಇದಕ್ಕೆ ಮಾತ್ರೆ ಇಲ್ಲ, ಬೆಂಗಳೂರಿಗೆ ಹೋಗಿ ಕೊಯ್ಸಿ, ಕೊಯ್ದ ಮೇಲೇ ಅದು ಒಳ್ಳೆಯ ಗಡ್ಡೆಯೋ ಕೆಟ್ಟದ್ದೋ ಗೊತ್ತಾಗುವುದು ಎಂದರಂತೆ. ಅಪ್ಪ ಅದನ್ನು ಮನೆಗೆ ಬಂದು ಹೇಳುವಾಗ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ದೇವರ ಗೂಡಿನ ಮುಂದೆ ನಿಂತು, ಅಕ್ಕ ಉಳಿಯಲಿ, ಅಡ್ಡಿಕೆಯೂ ಉಳಿಯಲಿ ಎಂದು ಕೇಳಿಕೊಂಡೆ. ಎರಡನ್ನೂ ಒಟ್ಟಿಗೆ ಕೇಳಬಾರದು ಎಂದು ಅನ್ನಿಸಲಿಲ್ಲ.

ಅದು ಎಮರ್ಜೆನ್ಸಿಯ ಕಾಲ. ನಮ್ಮ ಊರಿನಲ್ಲಿ ಆಗ 'ಆಪರೇಷನ್' ಎಂಬ ಮಾತಿಗೆ ಒಂದೇ ಅರ್ಥ ಇದ್ದದ್ದು, ಮಕ್ಕಳಾಗದ ಹಾಗೆ ಮಾಡುವುದು. ಪಂಚಾಯ್ತಿ ಕಟ್ಟೆಯ ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದಿತ್ತು, ಅದರ ಪಕ್ಕದಲ್ಲಿ ಗಂಡ ಹೆಂಡತಿ ಎರಡು ಮಕ್ಕಳ ನಗುಮುಖ. ಜೀಪು ಬಂದರೆ ಗಂಡಸರು ತೋಟ ಸೇರುತ್ತಿದ್ದರು. ಆಪರೇಷನ್ ಮಾಡಿಸಿಕೊಂಡವರಿಗೆ ಕ್ಯಾಂಪಿನಲ್ಲಿ ಪ್ಲಾಸ್ಟಿಕ್ ಬಕೆಟ್ ಕೊಡುತ್ತಾರಂತೆ ಎಂದು ಸುದ್ದಿ. ಯಾರ ಮನೆಯ ಬಚ್ಚಲಲ್ಲಾದರೂ ಹೊಸ ಬಕೆಟ್ ಕಂಡರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಕತ್ತಿಗೂ ಆಪರೇಷನ್ ಎಂಬುದೊಂದಿದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕತ್ತು ಕೊಯ್ಯುವುದು ಎಂದರೆ ನಮಗೆ ಮೋಸ ಮಾಡುವುದು, ಅಷ್ಟೇ.

ಅವ್ವ ಎಲ್ಲರಿಗೂ, ಮಗಳನ್ನು ಕರೆದುಕೊಂಡು ನೆಂಟರ ಮನೆಗೆ ಹೋಗಿಬರುತ್ತೇನೆ ಎಂದು ಹೇಳಿ ಹೊರಟಳು. ಕತ್ತಿಗೆ ಕತ್ತಿ ತಾಕಿದ ಹುಡುಗಿ ಎಂದು ಗೊತ್ತಾದರೆ ಮದುವೆಯ ಮಾತು ಮುಗಿದ ಹಾಗೆ ಎಂಬುದು ಅವಳ ಭಯ. ಅಪ್ಪನಿಗೂ ತಾಕೀತು ಮಾಡಿದ್ದಳು. "ನೋಡಿ, ಕತ್ತು ಅನ್ನೋ ಮಾತು ನಿಮ್ ಬಾಯಲ್ಲಿ ಬರಕೂಡ್ದು." ಮೂವರೂ ತಿಪಟೂರಿನಲ್ಲಿ ರೈಲು ಹತ್ತಿದರು. ಅಪ್ಪ ಹೋಗಿ ಬಂದು ಮಾಡುತ್ತಿದ್ದರು. ಮನೆ, ಹಟ್ಟಿ, ಎಮ್ಮೆ, ಮುದ್ದೆ ಎಲ್ಲ ನನ್ನ ತಲೆಗೆ. ಎಸ್ಸೆಸ್ಸೆಲ್ಸಿ ಓದುತ್ತಿದ್ದವಳು ಸಗಣಿ ಬಾಚಿ ಸ್ಕೂಲಿಗೆ ಓಡುತ್ತಿದ್ದೆ. ಅಪ್ಪ ಬಂದಾಗಲೆಲ್ಲ ಅಕ್ಕನದೇ ಮಾತು. ಅಕ್ಕನಿಗೆ ನರ್ಸಮ್ಮ ತಲೆ ಬಾಚುತ್ತಾಳಂತೆ. ಅಕ್ಕನ ಮಂಚಕ್ಕೆ ಬಿಳಿ ಬಟ್ಟೆಯಂತೆ. ಅಕ್ಕ ಸ್ವಲ್ಪವೂ ಅಳಲಿಲ್ಲವೆಂದು ದೊಡ್ಡ ಡಾಕ್ಟರೇ ಹೊಗಳಿದರಂತೆ. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದೊಂದೇ ನನಗೆ ಸಿಕ್ಕ ಮಾತು.

ಆಪರೇಷನ್ ಆದ ದಿನ ಡಾಕ್ಟರು ಅಪ್ಪನನ್ನು ಕರೆದು, ತೆಗೆದದ್ದನ್ನು ತಟ್ಟೆಯಲ್ಲಿಟ್ಟು ತೋರಿಸಿದರಂತೆ. ಗಂಟಲಲ್ಲಿ ಎರಡು ಪಾಲಿನ ಒಂದು ಗ್ರಂಥಿ ಇರುತ್ತದೆ, ಗಡ್ಡೆ ಇದ್ದ ಪಾಲನ್ನು ತೆಗೆದಿದ್ದೇವೆ, ಉಳಿದ ಅರ್ಧ ಅವಳ ಜೀವಮಾನಕ್ಕೆ ಸಾಕು ಎಂದರಂತೆ. "ಒಳ್ಳೆ ನಿಂಬೆಹಣ್ಣಿನ ಗಾತ್ರ ಇತ್ತು ಕಣವ್ವ" ಎಂದು ಅಪ್ಪ ನನಗೆ ಬೆರಳು ಮಡಿಚಿ ತೋರಿಸಿದರು. ಅದನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ಫಲಿತಾಂಶ ಬರುವವರೆಗೆ ಅಪ್ಪ ಎಲೆ ಅಡಿಕೆಯನ್ನೂ ಬಿಟ್ಟರು. ಕೆಟ್ಟದ್ದಲ್ಲ ಎಂದು ತಿಳಿದ ದಿನ ತಿಪಟೂರಿನಿಂದ ಬರುವಾಗ ಬೂಂದಿ ಪೊಟ್ಟಣ ತಂದು ನನ್ನ ಕೈಗಿಟ್ಟು, ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಂಡರು. ನಾನು ಬೂಂದಿ ತಿಂದೆ, ಸಂತೋಷದಿಂದಲೇ ತಿಂದೆ. ಅರ್ಧ ಪೊಟ್ಟಣ ಆದ ಮೇಲೆ, ಗಡ್ಡೆ ಇಲ್ಲ ಎಂದರೆ ಅಡ್ಡಿಕೆ ಅಕ್ಕನ ಕತ್ತಿನಲ್ಲೂ ಕೂರುತ್ತದೆ ಎಂದು ಹೊಳೆಯಿತು. ಉಳಿದ ಅರ್ಧಕ್ಕೆ ರುಚಿ ಇರಲಿಲ್ಲ.

ಅವರು ವಾಪಸು ಬಂದ ದಿನ ನಾನೇ ಬಸ್ಸಿನ ಹತ್ತಿರ ಹೋಗಿದ್ದೆ. ಅಕ್ಕ ಇಳಿದಳು. ಕಿವಿ ಮುಚ್ಚುವ ಹಾಗೆ ಕತ್ತಿನ ಸುತ್ತ ಶಾಲು. ನಡೆಯುವಾಗ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು. ಹಿಂದೆಯೇ ಅವ್ವ, ಅವಳ ಕೈಯಲ್ಲಿ ಹೊಚ್ಚ ಹೊಸ ಕೆಂಪು ಪ್ಲಾಸ್ಟಿಕ್ ಬಕೆಟ್. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯಲು ಬೇಕೆಂದು ಅಲ್ಲೇ ಹೊರಗಡೆ ಅಂಗಡಿಯಲ್ಲಿ ಕೊಂಡಿದ್ದಂತೆ. ಚೆನ್ನಾಗಿದೆಯಲ್ಲ, ಬಿಟ್ಟು ಬರುವುದು ಯಾಕೆ ಎಂದು ತಂದಿದ್ದಳು. ಅರಳಿಕಟ್ಟೆಯ ಮೇಲೆ ಕೂತವರೆಲ್ಲ ಅಕ್ಕನನ್ನು ನೋಡಿದರು, ಬಕೆಟ್ ನೋಡಿದರು. ನಮ್ಮ ಹಿಂದಿನ ಮನೆಯ ಅತ್ತೆ ನನ್ನನ್ನು ಪಕ್ಕಕ್ಕೆ ಎಳೆದು "ಬಕೀಟು ಎಲ್ಲಿ ಕೊಟ್ರೇ?" ಎಂದು ಕೇಳಿದಳು. "ಆಸ್ಪತ್ರೆ ಹತ್ರ" ಎಂದೆ. ನನಗೇನು ಗೊತ್ತು.

ಇತ್ತ ಅಪ್ಪ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕೊಬ್ಬರಿ ಮಂಡಿಯಲ್ಲಿ ಯಾರೋ, ಏನು ಇತ್ತೀಚೆಗೆ ಕಾಣಲೇ ಇಲ್ಲವಲ್ಲ ಎಂದು ಕೇಳಿದ್ದಕ್ಕೆ, "ದೊಡ್ಡ ಮಗಳಿಗೆ ಆಪರೇಷನ್ ಮಾಡಿಸ್ಕೊಂಡ್ ಬಂದೆ ಕಣಪ್ಪ, ಎಲ್ಲಾ ಸಲೀಸಾಗಾಯ್ತು" ಎಂದುಬಿಟ್ಟರು. ಅವ್ವ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಕತ್ತು ಅನ್ನುವ ಮಾತು ಬಾಯಲ್ಲಿ ಬಂದಿರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಎಳನೀರಿನ ಉಪಚಾರ ಶುರುವಾಯಿತು. ತೆಂಗಿನ ಸೀಮೆಯವರಿಗೆ ದಿನಾ ಎಳನೀರು ಎಂದು ಬೇರೆ ಕಡೆಯವರು ತಿಳಿದಿರುತ್ತಾರೆ. ಬಂದು ನೋಡಲಿ. ನಮ್ಮ ಮನೆಯ ಸುತ್ತ ಆಕಾಶ ಕಾಣದಷ್ಟು ಗರಿ, ಆದರೆ ಒಂದು ಎಳನೀರು ಕೆಡವಿದರೆ ಒಂದು ಕೊಬ್ಬರಿ ಹೋಯಿತು ಎಂದು ಅಪ್ಪ ನಮ್ಮನ್ನು ಮರದ ಬುಡಕ್ಕೂ ಬಿಡುತ್ತಿರಲಿಲ್ಲ. ಜ್ವರ ಬಂದವರಿಗೆ, ಸಾಯುವವರಿಗೆ, ಊರಿಗೆ ಬಂದ ಸಾಹೇಬರಿಗೆ ಮಾತ್ರ ಎಳನೀರು. ಈಗ ಅಕ್ಕನಿಗೆ ನುಂಗಲು ನೋವು ಎಂದು ಬೆಳಿಗ್ಗೆ ಒಂದು, ಸಂಜೆ ಒಂದು. ಅಪ್ಪ ತಾವೇ ಮಚ್ಚಿನಿಂದ ಕೆತ್ತಿ, ಲೋಟಕ್ಕೆ ಬಗ್ಗಿಸಿ, ಸೋಸಿ ಕೊಡುತ್ತಿದ್ದರು. ನನ್ನ ಪಾಲಿಗೆ ಬುರುಡೆಯ ಒಳಗಿನ ಗಂಜಿ. ಅದನ್ನು ಮಟ್ಟೆಯ ಚೂರಿನಲ್ಲಿ ಕೆರೆದು ತಿನ್ನುತ್ತಾ ಅಕ್ಕನ ಗಂಟಲನ್ನೇ ನೋಡುತ್ತಿದ್ದೆ. ಅವಳ ದನಿ ಕೀರಲಾಗಿತ್ತು, ಪಿಸುಮಾತಿನಲ್ಲಿ "ನೀನೂ ಒಂದ್ ಗುಟುಕು ಕುಡಿಯೇ" ಎಂದು ಲೋಟ ಚಾಚುತ್ತಿದ್ದಳು. ನಾನು ಕುಡಿಯುತ್ತಿರಲಿಲ್ಲ. ಹಾಗೆ ಕೊಟ್ಟು ಒಳ್ಳೆಯವಳಾಗುವುದು ಅವಳಿಗೆ ಮೊದಲಿಂದಲೂ ಬರುತ್ತಿತ್ತು.

ಗಾಯ ಮಾಗಿತು. ಕತ್ತಿನ ಬುಡದಲ್ಲಿ, ಈ ಕಡೆಯಿಂದ ಆ ಕಡೆಗೆ ಒಂದು ಗೆರೆ ಉಳಿಯಿತು. ಮೊದಮೊದಲು ಕೆಂಪಗೆ ಉಬ್ಬಿಕೊಂಡಿತ್ತು. ಊತ ಹೋಗಿ ಅಕ್ಕನ ಕತ್ತು ನೀಳವಾಗಿ ಕಾಣುತ್ತಿತ್ತು, ಗೆರೆಯೊಂದನ್ನು ಬಿಟ್ಟರೆ ನನ್ನದಕ್ಕಿಂತ ಚೆಂದವಾಗಿತ್ತು ಎಂದೇ ಹೇಳಬೇಕು. ಅಷ್ಟರಲ್ಲಿ ಕಂದಿಕೆರೆಯಿಂದ ಒಂದು ಗಂಡಿನವರು ಬರುತ್ತೇವೆ ಎಂದು ಹೇಳಿಕಳಿಸಿದರು. ಹುಡುಗ ಸ್ಕೂಲ್ ಮಾಸ್ತರು, ಮನೆಯಲ್ಲಿ ತಾಯಿ ಮಾತ್ರ. ಅವ್ವ ಆ ಸಂಜೆಯೇ ಏಣಿ ಹಾಕಿಸಿದಳು.

ಡಬ್ಬಿ ಕೆಳಗೆ ಬಂದಾಗಲೇ ನನಗೆ ಗೊತ್ತಾಯಿತು.

"ಅದು ನಂದು" ಎಂದೆ.

"ನಿಂದೇ ಕಣೇ, ಯಾರಿಲ್ಲ ಅಂದ್ರು? ಅವಳ ಮದ್ವೆ ಒಂದ್ ಆಗೋಗ್ಲಿ. ಗೆರೆ ಮುಚ್ಚಕ್ಕೆ ಬೇರೆ ಏನೈತೆ ನಮ್ಮನೇಲಿ?"

"ಅಜ್ಜಿ ನಂಗೆ ಅಂತ ಹೇಳಿತ್ತು. ಅವಳ ಕತ್ತಲ್ಲಿ ಕೂರಲ್ಲ ಅಂತ ಹೇಳಿತ್ತು."

"ಈಗ ಕೂರ್ತದೆ" ಎಂದಳು ಅವ್ವ. ಮಗಳ ಗಡ್ಡೆ ಹೋದ ಸಂತೋಷ ಅವಳ ದನಿಯಲ್ಲಿ ತುಳುಕುತ್ತಿತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. "ಮದ್ವೆ ಆದ್ಮೇಲೂ ಗೆರೆ ಇರ್ತದಲ್ಲ, ಆಗ್ಲೂ ಮುಚ್ಬೇಕಲ್ಲ, ಆಮೇಲೆ ನಂಗೆಲ್ಲಿ ಬತ್ತದೆ?" ಎಂದು ಕೂಗಿದೆ. ಅವ್ವ ಡಬ್ಬಿಯ ದೂಳನ್ನು ಸೆರಗಿನಲ್ಲಿ ಒರೆಸಿದಳು. "ನಿಂಗೆ ಬೇರೆ ಮಾಡಿಸ್ತೀನಿ ಬುಡು" ಎಂದಳು. ಬೇರೆಯದನ್ನು ಯಾರು ಕೇಳಿದ್ದರು? ಅಕ್ಕ ಮೂಲೆಯಲ್ಲಿ ನಿಂತು ಕತ್ತಿನ ಮೇಲೆ ಕೈ ಇಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳು 'ನನಗೆ ಬೇಡ' ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ಮದುವೆ ಬೇಕಿತ್ತು.

ಗಂಡಿನವರು ಬಂದರು. ಮಾಸ್ತರು ಒಣಕಲು ಮನುಷ್ಯ, ಚಾಪೆಯ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದರು. ಅವರ ತಾಯಿ ಮಾತ್ರ ಗಟ್ಟಿಗಿತ್ತಿ. ಬಂದವಳೇ ಕೈಕಾಲು ತೊಳೆಯಲು ಬಚ್ಚಲಿಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದಳು. ಅಲ್ಲಿ ಕೆಂಪು ಬಕೆಟ್ ಇತ್ತು. ಅಕ್ಕ ಹಸಿರು ಸೀರೆಯುಟ್ಟು ಅಡ್ಡಿಕೆ ಕಟ್ಟಿಕೊಂಡು ಬಂದು ಕೂತಳು. ನಾನು ಎಲ್ಲರಿಗೂ ಕಾಫಿ ಕೊಟ್ಟು, ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಡ್ಡಿಕೆಯ ಕೆಂಪು ಕಲ್ಲುಗಳು ಬಾಗಿಲ ಬೆಳಕಿಗೆ ಮಿನುಗುತ್ತಿದ್ದವು. ಅದು ಓರೆಯಾಗಿರಲಿಲ್ಲ. ಎಷ್ಟು ನೋಡಿದರೂ ಓರೆಯಾಗಿರಲಿಲ್ಲ.

ಹುಡುಗನ ತಾಯಿ ಕಾಫಿ ಮುಟ್ಟಲಿಲ್ಲ. ಅವ್ವನನ್ನೇ ನೋಡುತ್ತಾ ಕೇಳಿದಳು. "ಮುಚ್ಚುಮರೆ ಯಾಕವ್ವ, ನೇರವಾಗೇ ಕೇಳ್ತೀನಿ. ನಿಮ್ ಹುಡ್ಗಿಗೆ ಆಪರೇಷನ್ ಆಗೈತಂತಲ್ಲ?"

ಅವ್ವನ ಮುಖ ಸುಣ್ಣದಂತಾಯಿತು. "ಆಪರೇಷನ್ನಾ? ಇಲ್ಲ ಕಣ್ರೀ, ಯಾರ್ ಹೇಳಿದ್ರು? ಯಾವ ಆಪರೇಷನ್ನೂ ಆಗಿಲ್ಲ. ಊರಲ್ಲಿ ಆಗದವರು ಏನೇನೋ ಹೇಳ್ತಾರೆ."

"ನಿಮ್ ಯಜಮಾನ್ರೇ ಮಂಡೀಲಿ ಹೇಳಿದ್ರಂತೆ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಅವ್ವನ ಕಡೆ ನೋಡಿದರು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಮಗನಿಗೆ ಸನ್ನೆ ಮಾಡಿದಳು. "ಏಳಪ್ಪ, ಹೊತ್ತಾಯ್ತು. ಬಸ್ಸು ಹೋದ್ರೆ ಕಷ್ಟ" ಎಂದಳು. ಅಕ್ಕ ತಲೆ ತಗ್ಗಿಸಲು ಹೋದಳು, ಅಡ್ಡಿಕೆ ಬಿಡಲಿಲ್ಲ.

ಆಗ ನನ್ನ ತಲೆಯಲ್ಲಿ ಏನು ಓಡಿತು ಎಂಬುದು ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಇವರು ಆಪರೇಷನ್ ಆಗಿದೆ ಎಂಬುದಕ್ಕೇ ಎದ್ದು ಹೊರಟಿದ್ದಾರೆ. ಕತ್ತಿನ ಗೆರೆಯನ್ನೂ ತೋರಿಸಿಬಿಟ್ಟರೆ ಊರೂರಿಗೆ ಸುದ್ದಿಯಾಗುತ್ತದೆ. ಎಲ್ಲರಿಗೂ ಗೊತ್ತಾದ ಮೇಲೆ ಮುಚ್ಚುವುದೇನು, ಅಡ್ಡಿಕೆ ನನಗೆ ವಾಪಸು ಬರುತ್ತದೆ. ಹದಿನಾರರ ಹುಡುಗಿಯ ಲೆಕ್ಕ. ತಟ್ಟೆಯನ್ನು ಹೊಸ್ತಿಲ ಮೇಲೆ ಕುಕ್ಕಿ ಹೇಳಿದೆ. "ನಮ್ಮವ್ವ ಸುಳ್ಳು ಹೇಳ್ತಾ ಐತೆ. ಆಪರೇಷನ್ ಆಗೈತೆ. ಕತ್ತಿಗೆ ಆಗಿರೋದು. ಅಡ್ಡಿಕೆ ಬಿಚ್ಚಿಸಿ ನೋಡಿ."

ಅವ್ವ "ಅಯ್ಯೋ ಮನೆಹಾಳಿ" ಎಂದಳು. ಮಾಸ್ತರು ಮೊದಲ ಸಲ ತಲೆ ಎತ್ತಿದರು. ಅಕ್ಕ ಯಾರ ಮುಖವನ್ನೂ ನೋಡದೆ ಎರಡೂ ಕೈ ಹಿಂದಕ್ಕೆ ಹಾಕಿ ದಾರ ಬಿಚ್ಚಿದಳು. ಅಡ್ಡಿಕೆಯನ್ನು ತಂದು ನನ್ನ ಅಂಗೈಯಲ್ಲಿಟ್ಟು, ಹೋಗಿ ಮತ್ತೆ ತನ್ನ ಜಾಗದಲ್ಲಿ ಕತ್ತು ನೆಟ್ಟಗೆ ಮಾಡಿ ಕೂತಳು.

ಹುಡುಗನ ತಾಯಿ ಹತ್ತಿರ ಬಂದಳು. ಅಕ್ಕನ ಗಲ್ಲ ಎತ್ತಿ ಬೆಳಕಿಗೆ ತಿರುಗಿಸಿ, ಗೆರೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದಳು.

"ಇದಾ?"

"ಗಂಟಲಲ್ಲಿ ಗಡ್ಡೆ ಇತ್ತು. ಅರ್ಧ ತೆಗ್ದವ್ರೆ, ಅರ್ಧ ಬುಟ್ಟವ್ರೆ. ಕೆಟ್ಟದ್ದಲ್ಲ ಅಂತ ಹೇಳವ್ರೆ" ಎಂದರು ಅಪ್ಪ, ಕಟ್ಟೆ ಒಡೆದ ಹಾಗೆ.

"ಇಷ್ಟೇನಾ? ಹೊಟ್ಟೇದಲ್ವಾ?"

"ಹೊಟ್ಟೇದು ಯಾವ್ದು?" ಎಂದಳು ಅವ್ವ, ನಿಜವಾಗಿಯೂ ಅರ್ಥವಾಗದೆ.

ಆ ಹೆಂಗಸು ಸೊಂಟದ ಮೇಲೆ ಕೈ ಇಟ್ಟುಕೊಂಡು ನಗಲು ಶುರುಮಾಡಿದಳು. "ಅಯ್ಯೋ ನಿಮ್ಮ! ಬಕೀಟು ಕೊಟ್ರಂತೆ, ಹುಡ್ಗಿ ಬಸ್ಸಿಂದ ಇಳ್ದು ನಡೆಯಕ್ಕೂ ಆಗ್ತಿರ್ನಿಲ್ವಂತೆ ಅಂತ ನಮ್ಮೂರ್ಗಂಟ ಸುದ್ದಿ ಬಂದೈತೆ. ಜೀಪಿನೋರು ಮದ್ವೆ ಆಗ್ದಿರೋ ಹುಡ್ಗೀನೂ ಬುಡ್ನಿಲ್ಲ ಅಂತ ಆಡ್ಕೊಂಡವ್ರೆ. ಇರೋನೊಬ್ಬ ಮಗ, ನಂಗೆ ಮೊಮ್ಮಕ್ಕಳು ಬ್ಯಾಡ್ವಾ? ನೋಡೇ ಹೋಗಾನ ಅಂತ ಬಂದೆ. ಬಂದ್ರೆ ಬಚ್ಚಲಲ್ಲಿ ಬಕೀಟು ಕೂತೈತೆ!"

ಅಪ್ಪ ನಕ್ಕರು. ಮಾಸ್ತರು ನಕ್ಕರು. ಅವ್ವ ಅಳುತ್ತಾ ನಕ್ಕಳು. ಅಕ್ಕನೂ ನಕ್ಕಳು, ಕೀರಲು ದನಿಯಲ್ಲಿ. ಆರಿದ ಕಾಫಿಯನ್ನು ಹಾಗೆಯೇ ಕುಡಿದರು. ನಾನೊಬ್ಬಳೇ ಅಡ್ಡಿಕೆ ಹಿಡಿದು ನಿಂತಿದ್ದೆ. ನಗಲಿ, ನಗಲಿ, ಒಡವೆ ಅಂತೂ ನನ್ನ ಕೈಯಲ್ಲಿದೆ ಎಂದುಕೊಂಡೆ.

ಹುಡುಗನ ತಾಯಿಗೆ ಆಗ ನನ್ನ ನೆನಪಾಯಿತು. "ಇವಳು ನೋಡವ್ವ, ತಂಗಿ ಅಂದ್ರೆ ಇವಳು. ಅಕ್ಕನ್ ಮೇಲೆ ಬಂದ ಮಾತು ಕೇಳಕ್ಕಾಗ್ದೆ ಹೆತ್ತವ್ವನ ಎದುರಿಗೇ ಸತ್ಯ ಹೇಳ್ಬುಟ್ಲು. ಬಾ ಮಗ, ನಿನ್ ಕೈಯಾರೆ ಅಕ್ಕಂಗೆ ಅಡ್ಡಿಕೆ ಕಟ್ಟು. ಹುಡ್ಗೀಗೆ ಭಾಳ ಒಪ್ಪುತ್ತೆ. ಇದನ್ನೇ ಹಾಕಿ ಕಳ್ಸಿಕೊಡಿ, ನಾವು ಬೇರೇನೂ ಕೇಳಾಕಿಲ್ಲ."

ನಾನು ಕಟ್ಟಿದೆ. ನನ್ನ ಕೈಯಾರೆ, ಗೆರೆಯ ಮೇಲೆ ಸರಿಯಾಗಿ ಕೂರಿಸಿ, ಹಿಂದೆ ದಾರ ಬಿಗಿದು ಕಟ್ಟಿದೆ. ಸಾಧ್ಯವಾಗಿದ್ದರೆ ಇನ್ನೂ ಬಿಗಿಯಾಗಿ ಕಟ್ಟುತ್ತಿದ್ದೆ.

ಅಕ್ಕ ಅಡ್ಡಿಕೆಯೊಂದಿಗೆ ಕಂದಿಕೆರೆಗೆ ಹೋದಳು. ನಾನು ಮನೆಯಲ್ಲಿ ಒಳ್ಳೆಯ ತಂಗಿಯಾಗಿ ಉಳಿದೆ. ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಅವ್ವ ನನಗೆ ಹೊಸ ಅಡ್ಡಿಕೆ ಮಾಡಿಸಲಿಲ್ಲ, ಮಾಡಿಸುತ್ತೇನೆ ಎಂದದ್ದು ಅವಳಿಗೆ ಮರೆತೇಹೋಯಿತು. ಎಂಬತ್ತರ ಸುಮಾರಿಗೆ ನನಗೆ ಹುಳಿಯಾರಿನ ಕಡೆ ಮದುವೆಯಾಯಿತು. ಅಲ್ಲಿ ನೀರು ಕಮ್ಮಿ, ತೋಟ ತೆಳು, ಅತ್ತೆಯ ಮಾತು ದಪ್ಪ. ನನ್ನ ಮದುವೆಯಲ್ಲಿ ನನ್ನ ಕತ್ತಿಗೆ ಕರಿಮಣಿ ಬಿಟ್ಟರೆ ಒಂದು ಎಳೆ ಸರ. ಅಕ್ಕ ಅಂದು ತುಂಬಿದ ಬಸುರಿ, ಬರಲಾಗಲಿಲ್ಲ. ಅಡ್ಡಿಕೆಯೂ ಬರಲಿಲ್ಲ.

ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ನನ್ನ ಮಗನ ನಾಮಕರಣಕ್ಕೆ ಅಕ್ಕ ಹಿಂದಿನ ದಿನವೇ ಬಂದಳು. ಕತ್ತು ಬರಿದಾಗಿತ್ತು. ಗೆರೆ ಮಾಸಿ ತೆಳ್ಳಗೆ ಬೆಳ್ಳಗಾಗಿತ್ತು. ಅದನ್ನು ಅವಳು ಸೆರಗಿನಲ್ಲಿ ಕೂಡ ಮುಚ್ಚಿಕೊಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಡ್ಡಿಕೆ ಎಲ್ಲೇ? ಮಾರ್ಕೊಂಡ್ರಾ?"

ಅವಳು ಮೊದಲ ವರ್ಷವೇ ಬಿಚ್ಚಿಟ್ಟಿದ್ದಳಂತೆ. ಒಡವೆ ಗೆರೆಯ ಮೇಲೆ ಕೂತರೆ ಚರ್ಮ ಉರಿಯುತ್ತಿತ್ತು, ಊಟ ಇಳಿಯುತ್ತಿರಲಿಲ್ಲ. ಅತ್ತೆ ಮೆಚ್ಚಿದ್ದೆಂದು ಹಲ್ಲು ಕಚ್ಚಿಕೊಂಡು ಕಟ್ಟಿಕೊಂಡಿದ್ದಳು. ಒಂದು ದಿನ ಅತ್ತೆಯೇ ನೋಡಿ, ಯಾರಿಗೆ ಮುಚ್ಚುತ್ತೀಯೇ, ಊರಿಗೆಲ್ಲ ಗೊತ್ತಿರುವುದನ್ನು ಎಂದು ಬೈದು ಬಿಚ್ಚಿಸಿದರಂತೆ. ನನ್ನ ಮದುವೆಗೇ ತಂದುಕೊಡಬೇಕೆಂದಿದ್ದಳಂತೆ, ತಾನು ಬರಲಾಗದೆ ಬೇರೆಯವರ ಕೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲವಂತೆ. ಹೇಳುತ್ತಾ ಸೊಂಟದ ಚೀಲದಿಂದ ಸೀರೆಯ ಚೂರಿನ ಗಂಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಅಜ್ಜಿಯ ಸೀರೆಯ ಚೂರೇ.

"ತಗೋ. ಆವತ್ತು ನೀನು ಬಾಯಿ ಬಿಟ್ಟಿದ್ದು ಇದಕ್ಕೇ ಅಂತ ನಂಗೊತ್ತು ಕಣೇ. ಅದಕ್ಕೇ ಬಿಚ್ಚಿ ನಿನ್ ಕೈಗೇ ಇಟ್ಟೆ."

ಗಂಟನ್ನು ಬಿಚ್ಚದೆ ಹಿಡಿದುಕೊಂಡೇ ಕೇಳಿದೆ. "ಗೊತ್ತಿದ್ದೂ ಊರಿಗೆಲ್ಲ ನನ್ನ ತಂಗಿ ನನ್ ಮದ್ವೆ ಉಳಿಸಿದ್ಲು ಅಂತ ಹೇಳ್ಕೊಂಡು ತಿರುಗ್ತೀಯಾ?"

"ಉಳಿಸ್ದೆ ತಾನೆ. ಯಾಕೆ ಉಳಿಸ್ದೆ ಅಂತ ಯಾರಿಗ್ ಬೇಕು ಬುಡು" ಎಂದು ನಕ್ಕು, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಇಲ್ಲೂ ಅವಳೇ ಗೆದ್ದಳು. ಜಗಳ ಆಡೋಣ ಎಂದರೆ ಅದಕ್ಕೂ ಜಾಗ ಬಿಡಲಿಲ್ಲ.

ಮರುದಿನ ನಾನು ಅಡ್ಡಿಕೆ ಕಟ್ಟಿಕೊಂಡೆ. ಕನ್ನಡಿಯ ಮುಂದೆ, ಅಟ್ಟದಲ್ಲಿ ಕೂರದೆ, ಯಾರಿಗೂ ಹೆದರದೆ ಕಟ್ಟಿಕೊಂಡೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕತ್ತು ನೆಟ್ಟಗೆ ಮಾಡಿಕೊಂಡು ನಡುಮನೆಗೆ ಬಂದೆ. ನೆಂಟರ ಹೆಂಗಸರೆಲ್ಲ ಕಂಬದ ಹತ್ತಿರ ಗುಂಪಾಗಿ ಕೂತಿದ್ದರು. ನಡುವೆ ಅಕ್ಕ. ಗಲ್ಲ ಮೇಲೆತ್ತಿ ಗೆರೆ ತೋರಿಸುತ್ತಾ ಬಕೆಟ್ಟಿನ ಕಥೆ ಹೇಳುತ್ತಿದ್ದಳು. ಅವಳ ದನಿ 'ಬಕೀಟು' ಎಂಬಲ್ಲಿಗೆ ಬಂದಾಗ ನನ್ನ ಅತ್ತೆ, ಯಾವತ್ತೂ ನಗದ ನನ್ನ ಅತ್ತೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಬ್ಬೊಬ್ಬರೂ ಬಗ್ಗಿ ಅವಳ ಕತ್ತನ್ನು ಮುಟ್ಟಿ ನೋಡುತ್ತಿದ್ದರು. ಮುಟ್ಟಿದವರು ಪಕ್ಕದವರಿಗೆ ಜಾಗ ಬಿಡುತ್ತಿದ್ದರು.

ನಾನು ಅವರ ಎದುರಿಗೇ ಹೋಗಿ ನಿಂತೆ. ಕುಂಕುಮದ ತಟ್ಟೆ ಹಿಡಿದು ಒಂದು ಸುತ್ತು ಬಂದೆ, ಬೇಕೆಂದೇ ಬೆಳಕು ಬೀಳುವ ಕಡೆ ನಿಧಾನವಾಗಿ ನಡೆದೆ. ಹಣೆಗೆ ಕುಂಕುಮ ಇಡಿಸಿಕೊಳ್ಳುತ್ತಲೇ ಒಬ್ಬ ಮುದುಕಿ ನನ್ನ ಕೈ ಹಿಡಿದು, "ನೀನು ಯಾರಮ್ಮ?" ಎಂದು ಕೇಳಿದಳು. ಮಗುವಿನ ತಾಯಿ, ಅಗೋ ಅವಳ ತಂಗಿ ಎಂದೆ. "ಓ, ಆಪರೇಷನ್ ಆದೋಳ ತಂಗೀನಾ!" ಎಂದು ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿದಳು, ಅಕ್ಕ ಸರಿಯಾಗಿ ಕಾಣುವ ಹಾಗೆ.